ಕೂಸು ಹುಟ್ಟುವ ಮುನ್ನ ಕುಲಾವಿ: ಡೆಂಟಲ್ ಸ್ಕೂಲ್ ಅರ್ಜಿಯಲ್ಲಿ ಸ್ಪೆಷಾಲಿಟಿಯ ಮಾತು

ಅಮೆರಿಕದ ಡೆಂಟಲ್ ಸ್ಕೂಲ್‌ಗಳ ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತದೆ. ಅದರ ಬೆನ್ನಿಗೇ ಒಂದೇ ಪ್ರಶ್ನೆ ಹತ್ತು ವೇಷ ಹಾಕಿಕೊಂಡು ಈ ಅಂಕಣಕ್ಕೆ ಬರುತ್ತದೆ: ಸ್ಪೆಷಾಲಿಟಿ (ಒಂದೇ ದಂತವಿಭಾಗದಲ್ಲಿ ತಜ್ಞರಾಗುವ ಓದು) ಮಾಡುವ ಆಸೆಯನ್ನು ಹೇಳಬೇಕೇ, ಮುಚ್ಚಿಡಬೇಕೇ? ಈ ಸಲ ಒಟ್ಟಿಗೇ ಉತ್ತರಿಸಿ ಮುಗಿಸುತ್ತೇನೆ. ಡಿಎಟಿ ಪ್ರವೇಶ ಪರೀಕ್ಷೆ ಎಂದರೇನು, ಹಲವು ಸ್ಕೂಲ್‌ಗಳಿಗೆ ಒಂದೇ ಅರ್ಜಿ ಹಾಕುವ ಆಡ್ಸಾಸ್‌ನಲ್ಲಿ ಖಾತೆ ತೆರೆಯುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹುಡುಕಬೇಡಿ. ಅರ್ಜಿ ಹಾಕಲು ಹೊರಟವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಹೈಸ್ಕೂಲಿನಲ್ಲಿ ನನ್ನ ಹಲ್ಲಿಗೆ ಕ್ಲಿಪ್ ಹಾಕಿದ್ದರು. ಆಗಿನಿಂದಲೂ ಆರ್ಥೊಡಾಂಟಿಸ್ಟ್ (ಹಲ್ಲಿನ ಸಾಲು ಸರಿಪಡಿಸುವ ತಜ್ಞ) ಆಗುವ ಆಸೆ. ಪರ್ಸನಲ್ ಸ್ಟೇಟ್‌ಮೆಂಟ್ (ಅರ್ಜಿಯೊಳಗಿನ ನನ್ನ ಬಗೆಗಿನ ಪ್ರಬಂಧ) ಪೂರ್ತಿ ಅದರ ಮೇಲೆಯೇ ಬರೆದಿದ್ದೇನೆ. ‘ಸ್ಪೆಷಾಲಿಟಿಯ ಹೆಸರೆತ್ತಿದರೆ ಅರ್ಜಿ ಕಸದ ಬುಟ್ಟಿಗೆ’ ಎಂದು ಸೀನಿಯರ್ ಒಬ್ಬರು, ‘ಗುರಿ ಖಚಿತವಾಗಿದ್ದರೆ ಮೆಚ್ಚುತ್ತಾರೆ’ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಇಬ್ಬರದೂ ಬೇಡ. ಹೆಸರೆತ್ತಿದ್ದಕ್ಕೇ ಯಾರೂ ಅರ್ಜಿ ಎಸೆಯುವುದಿಲ್ಲ. ಹಾಗೆಂದು ನೀವು ಬರೆದಿಟ್ಟಿರುವುದನ್ನು ಯಾರೂ ಮೆಚ್ಚುವುದೂ ಇಲ್ಲ.

ನಿಮ್ಮ ಅರ್ಜಿ ಓದುವವರು ಆರಿಸುತ್ತಿರುವುದು ಜನರಲ್ ಡೆಂಟಿಸ್ಟ್ ಆಗಬಲ್ಲವರನ್ನು. ಡಿಡಿಎಸ್ ಆಗಲಿ ಡಿಎಂಡಿ ಆಗಲಿ ಪದವಿ ಒಂದೇ, ಹೆಸರು ಬೇರೆ. ಆ ನಾಲ್ಕು ವರ್ಷದಲ್ಲಿ ಹುಳುಕು ತುಂಬಬೇಕು, ರೂಟ್ ಕೆನಾಲ್ ಮಾಡಬೇಕು, ಹಲ್ಲು ಕೀಳಬೇಕು, ವಸಡು ಶುಚಿ ಮಾಡಬೇಕು, ಕ್ಯಾಪ್ ಕೂರಿಸಬೇಕು, ಹಲ್ಲೇ ಇಲ್ಲದ ಬಾಯಿಗೆ ಪೂರ್ತಿ ಸೆಟ್ ಮಾಡಿಕೊಡಬೇಕು. ಕಲಿತು ಹೊರಬಂದವರಲ್ಲಿ ಐದರಲ್ಲಿ ಸುಮಾರು ನಾಲ್ಕು ಮಂದಿ ಜನರಲ್ ಡೆಂಟಿಸ್ಟ್ ಆಗಿಯೇ ಉಳಿಯುತ್ತಾರೆ. ಸ್ಪೆಷಾಲಿಟಿಗೆ ಮತ್ತೊಂದು ಅರ್ಜಿ, ಮತ್ತೊಂದು ಸ್ಪರ್ಧೆ. ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ‘ಪಾಸ್’ ಎಂಬ ಬೇರೆ ವ್ಯವಸ್ಥೆಯ ಮೂಲಕ ಹಾಕಬೇಕು. ಆರ್ಥೊ ಸೇರಿದಂತೆ ಹಲವು ವಿಭಾಗಗಳಿಗೆ ಅದರ ಮೇಲೆ ಮ್ಯಾಚ್ (ಎರಡೂ ಕಡೆಯ ಆದ್ಯತಾಪಟ್ಟಿ ಹೊಂದಿಸಿ ಸೀಟು ಹಂಚುವ ವ್ಯವಸ್ಥೆ) ಬೇರೆ. ಐಎನ್‌ಬಿಡಿಇ ಎಂಬ ರಾಷ್ಟ್ರೀಯ ಲೈಸೆನ್ಸ್ ಪರೀಕ್ಷೆಯಲ್ಲಿ ಅಂಕ ಕೊಡುವುದಿಲ್ಲ, ಪಾಸು ಅಥವಾ ಫೇಲು ಅಷ್ಟೇ. ಹಾಗಾಗಿ ತರಗತಿಯಲ್ಲಿನ ಸ್ಥಾನ, ಅಧ್ಯಾಪಕರ ಪತ್ರ, ಸಂಶೋಧನೆ ಇವೇ ತೂಗುತ್ತವೆ. ಅವುಗಳಲ್ಲಿ ಒಂದೂ ಇವತ್ತು ನಿಮ್ಮ ಕೈಯಲ್ಲಿಲ್ಲ.

‘ಆರ್ಥೊಡಾಂಟಿಸ್ಟ್ ಆಗುವುದೇ ನನ್ನ ಗುರಿ’ ಎಂದು ಓದಿದವರಿಗೆ ಮೂರು ಅನುಮಾನ ಹುಟ್ಟುತ್ತವೆ. ತಾನು ಕೂತ ಕುರ್ಚಿಯನ್ನು ಬಿಟ್ಟು ದಂತವೈದ್ಯದಲ್ಲಿ ಈ ಹುಡುಗ ಬೇರೇನೂ ನೋಡಿಲ್ಲವೇ? ಅಜ್ಜನೊಬ್ಬರ ಹಲ್ಲುಸೆಟ್‌ಗೆ ಐದನೆಯ ಸಲ ಅಳತೆ ತೆಗೆಯುವಾಗ ಮುಖ ಸಿಂಡರಿಸುತ್ತಾನೆಯೇ? ಆರ್ಥೊ ಸಿಗದಿದ್ದರೆ ಏನು ಕಥೆ? ಈ ಮೂರಕ್ಕೂ ಅರ್ಜಿಯ ಒಳಗೇ ಉತ್ತರ ಸಿಕ್ಕಿಬಿಟ್ಟರೆ ಆರ್ಥೊ ಎಂಬ ಪದ ನಿಮಗೆ ಏನೂ ತೊಂದರೆ ಮಾಡುವುದಿಲ್ಲ.

ಕ್ಲಿಪ್ ಕಥೆಯ ವಿಚಾರ. ಓದುವವರು ಅದನ್ನು ಪ್ರತಿ ವರ್ಷ ಓದಿ ಓದಿ ಸಾಕಾಗಿದ್ದಾರೆ, ಆದರೆ ಅದರ ನಿಜವಾದ ಕೊರತೆ ಹಳತಾಗಿರುವುದಲ್ಲ. ಅದು ರೋಗಿಯ ಅನುಭವ, ವೈದ್ಯರ ಕೆಲಸ ಅಲ್ಲ. ನಿಮ್ಮ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ) ಹಲ್ಲುಗಳನ್ನು ಯಾಕೆ ಕಿತ್ತರು, ಅಥವಾ ಯಾಕೆ ಕೀಳದೆ ಬಿಟ್ಟರು? ತಂತಿ ಬದಲಿಸುವ ಕೆಲಸದ ಬಹುಪಾಲು ಅಸಿಸ್ಟೆಂಟ್‌ಗಳು ಮಾಡುತ್ತಿದ್ದರೆ, ದಿನಕ್ಕೆ ಹತ್ತಾರು ರೋಗಿಗಳನ್ನು ನೋಡುವ ಆರ್ಥೊಡಾಂಟಿಸ್ಟ್ ಪ್ರತಿ ಕುರ್ಚಿಯ ಬಳಿ ನಿಂತು ತೀರ್ಮಾನಿಸುವುದೇನು? ಇದು ಗೊತ್ತಿದ್ದರೆ ಬರೆಯಿರಿ. ‘ಕನ್ನಡಿ ನೋಡಿಕೊಂಡೆ, ಆತ್ಮವಿಶ್ವಾಸ ಬಂತು’ ಎಂಬುದನ್ನು ತೆಗೆದುಹಾಕಿ.

ಈಗ ಲೆಕ್ಕ. ಆಡ್ಸಾಸ್ ಸ್ಟೇಟ್‌ಮೆಂಟ್‌ಗೆ ಖಾಲಿ ಜಾಗವೂ ಸೇರಿ 4,500 ಅಕ್ಷರಗಳ ಮಿತಿ. ಇಂಗ್ಲಿಷಿನಲ್ಲಿ ಹೆಚ್ಚೂಕಡಿಮೆ 700 ಪದ. ಅದರಲ್ಲಿ ಸ್ಪೆಷಾಲಿಟಿಗೆ 400 ಅಕ್ಷರ ದಾಟಬೇಡಿ, ಅಂದರೆ ಮೂರು ನಾಲ್ಕು ವಾಕ್ಯ. ಅವು ಬರಬೇಕಾದದ್ದು ಕೊನೆಯ ಮೂರನೇ ಒಂದು ಭಾಗದಲ್ಲಿ, ಜನರಲ್ ಕ್ಲಿನಿಕ್‌ನಲ್ಲಿ ಕಂಡದ್ದನ್ನು ಹೇಳಿದ ಮೇಲೆ. ಮೊದಲ ಪ್ಯಾರಾದಲ್ಲಿ ಬಂದರೆ ಉಳಿದದ್ದನ್ನೆಲ್ಲ ಆ ಕನ್ನಡಕದಲ್ಲೇ ಓದುತ್ತಾರೆ. ಕಟ್ಟಕಡೆಯ ವಾಕ್ಯವಾಗಿ ಬಂದರೆ ಓದಿದವರ ನೆನಪಿನಲ್ಲಿ ಉಳಿಯುವುದು ಅದೊಂದೇ.

ವಾಕ್ಯಗಳಲ್ಲಿ ಮೂರು ಅಂಶ ಇರಲಿ: ಏನು ನೋಡಿದಿರಿ, ಅದರಲ್ಲಿ ಯಾವುದು ತಲೆಯೊಳಗೆ ಕೂತಿತು, ಬಾಗಿಲು ಇನ್ನೂ ತೆರೆದಿದೆ ಎಂಬ ಸೂಚನೆ. ಅರ್ಥ ಹೀಗೆ ಬರಬೇಕು: ‘ಏಳು ವರ್ಷದ ಮಗುವಿನ ಮೇಲ್ದವಡೆ ಕಿರಿದಾಗಿ ಹಿಂದಿನ ಹಲ್ಲುಗಳು ಅಡ್ಡ ಕಚ್ಚುತ್ತಿದ್ದುದನ್ನು ಜನರಲ್ ಡೆಂಟಿಸ್ಟ್ ಗುರುತಿಸಿ ಆರ್ಥೊಡಾಂಟಿಸ್ಟ್ ಬಳಿಗೆ ಕಳಿಸಿದರು. ಅಂಗುಳಿನ ನಡುವಣ ಬೆಸುಗೆ ಗಟ್ಟಿಯಾಗುವ ಮೊದಲೇ ಕಳಿಸಿದ್ದರಿಂದ ದವಡೆ ಅಗಲಿಸುವುದು ಸುಲಭವಾಯಿತು. ದವಡೆಯ ಬೆಳವಣಿಗೆಯ ಬಗ್ಗೆ ಕುತೂಹಲ ಹುಟ್ಟಿದೆ. ಉಳಿದ ವಿಭಾಗಗಳಲ್ಲೂ ಕೈಯಾಡಿಸಿದ ಮೇಲೆ ಅದು ಎತ್ತ ಒಯ್ಯುತ್ತದೋ ನೋಡುತ್ತೇನೆ.’ ಗಮನಿಸಿ, ಇಲ್ಲಿ ಸಮಸ್ಯೆಯನ್ನು ಕಂಡುಹಿಡಿದವರು ಜನರಲ್ ಡೆಂಟಿಸ್ಟ್. ಆಸಕ್ತಿ ಆರ್ಥೊ ಕಡೆಗಿದ್ದರೂ ಗೌರವ ಇಬ್ಬರಿಗೂ ಸಂದಿದೆ. ಈ ವಾಕ್ಯಗಳನ್ನೇ ಅನುವಾದಿಸಿ ಅಂಟಿಸಬೇಡಿ; ನೀವು ನೋಡದ ಮಗುವಿನ ಬಗ್ಗೆ ಸಂದರ್ಶನದಲ್ಲಿ ಎರಡನೆಯ ಪ್ರಶ್ನೆ ಬಂದರೆ ತಡವರಿಸುತ್ತೀರಿ.

ಸ್ಟೇಟ್‌ಮೆಂಟ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಗುಟ್ಟು ಬಿಟ್ಟುಕೊಡುವುದು ಅರ್ಜಿಯಲ್ಲಿನ ಅನುಭವಗಳ ಪಟ್ಟಿ. ಡೆಂಟಿಸ್ಟ್ ಪಕ್ಕದಲ್ಲಿ ನಿಂತು ನೋಡುವ ಶ್ಯಾಡೋಯಿಂಗ್ ಸುಮಾರು 100 ಗಂಟೆ ಇರಲಿ, ಅದರಲ್ಲಿ ಹೆಚ್ಚಿನದು ಜನರಲ್ ಡೆಂಟಿಸ್ಟ್ ಬಳಿ ಇರಲಿ ಎಂದು ಬಯಸುವ ಸ್ಕೂಲ್‌ಗಳು ಬಹಳ. 90 ಗಂಟೆ ಆರ್ಥೊ ಕ್ಲಿನಿಕ್, 10 ಗಂಟೆ ಉಳಿದದ್ದು ಎಂದಿದ್ದರೆ ‘ಮನಸ್ಸು ಮುಕ್ತವಾಗಿದೆ’ ಎಂದು ಬರೆದದ್ದು ಸುಳ್ಳೆಂದು ಓದುವವರಿಗೆ ಅಲ್ಲೇ ಗೊತ್ತಾಗುತ್ತದೆ. ಇನ್ನೂ ಸಬ್‌ಮಿಟ್ ಮಾಡಿಲ್ಲವಾದರೆ ಮೊದಲು ಒಂದು ಜನರಲ್ ಕ್ಲಿನಿಕ್‌ನಲ್ಲಿ 40–50 ಗಂಟೆ ನಿಂತು ಬನ್ನಿ. ಸಬ್‌ಮಿಟ್ ಆದ ಮೇಲೆ ಸ್ಟೇಟ್‌ಮೆಂಟಿನ ಒಂದು ಅಲ್ಪವಿರಾಮವನ್ನೂ ತಿದ್ದಲಾಗದು.

ಶಿಫಾರಸು ಪತ್ರಗಳು ಗರಿಷ್ಠ ನಾಲ್ಕು. ದಂತವೈದ್ಯರ ಪತ್ರ ಒಂದೇ ಇದ್ದು, ಅದನ್ನೂ ನಿಮ್ಮ ಆರ್ಥೊಡಾಂಟಿಸ್ಟೇ ಬರೆದು ‘ಈತ ಒಳ್ಳೆಯ ಆರ್ಥೊಡಾಂಟಿಸ್ಟ್ ಆಗುತ್ತಾನೆ’ ಎಂದಿದ್ದರೆ ನೀವು ಪಟ್ಟ ಪಾಡೆಲ್ಲ ವ್ಯರ್ಥ. ಜನರಲ್ ಡೆಂಟಿಸ್ಟ್ ಬಳಿ ಪತ್ರ ಕೇಳಿ.

ಒಂದೇ ಸ್ಟೇಟ್‌ಮೆಂಟ್ ಆಡ್ಸಾಸ್‌ನ ಎಲ್ಲ ಸ್ಕೂಲ್‌ಗಳಿಗೂ ಹೋಗುತ್ತದೆ, ಸ್ಕೂಲ್‌ಗಳೋ ಒಂದರಂತೆ ಇನ್ನೊಂದಿಲ್ಲ. ಹಾರ್ವರ್ಡ್‌ನಲ್ಲಿ ದಂತ ವಿದ್ಯಾರ್ಥಿಗಳು ಆರಂಭದಲ್ಲಿ ವೈದ್ಯ ವಿದ್ಯಾರ್ಥಿಗಳ ಜೊತೆಗೇ ಓದುತ್ತಾರೆ. ಅಲ್ಲಿ ಸ್ಪೆಷಾಲಿಟಿಯ ಮಾತಿಗೆ ಯಾರೂ ಹುಬ್ಬೇರಿಸುವುದಿಲ್ಲ. ಈಸ್ಟ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಡೆಂಟಲ್ ಸ್ಕೂಲ್ ನಾರ್ತ್ ಕ್ಯಾರೊಲೈನಾದವರನ್ನಷ್ಟೇ ಸೇರಿಸಿಕೊಂಡು, ಡೆಂಟಿಸ್ಟ್‌ಗಳು ಸಾಲದ ಹಳ್ಳಿಗಾಡಿಗೆ ಬೇಕಾದವರನ್ನು ತಯಾರು ಮಾಡುವ ಸ್ಕೂಲ್. ಅಲ್ಲಿ ಮಹಾನಗರದ ಆರ್ಥೊ ಕ್ಲಿನಿಕ್‌ನ ಕನಸು ಬಿಚ್ಚಿದರೆ ತಪ್ಪು ಬಾಗಿಲು ತಟ್ಟಿದಂತೆ. ಆದ್ದರಿಂದ ಸ್ಕೂಲ್‌ಗೆ ತಕ್ಕ ಮಾತನ್ನು ಆಯಾ ಸ್ಕೂಲ್ ಪ್ರತ್ಯೇಕವಾಗಿ ಕೇಳುವ ಸಪ್ಲಿಮೆಂಟಲ್ ಅರ್ಜಿಗೆ ಉಳಿಸಿಕೊಳ್ಳಿ. ಆರ್ಥೊ ರೆಸಿಡೆನ್ಸಿಯೇ (ಪದವಿಯ ನಂತರದ ಸ್ಪೆಷಾಲಿಟಿ ತರಬೇತಿ) ಇಲ್ಲದ ಸ್ಕೂಲ್‌ಗೆ ‘ನಿಮ್ಮ ಆರ್ಥೊ ರೆಸಿಡೆಂಟ್‌ಗಳಿಂದ ಕಲಿಯುವಾಸೆ’ ಎಂದು ಬರೆಯುವವರಿದ್ದಾರೆ. ವೆಬ್‌ಸೈಟ್ ನೋಡಲು ಐದು ನಿಮಿಷವೂ ಬೇಡ.

ಸಂದರ್ಶನದಲ್ಲಿ ‘ಹತ್ತು ವರ್ಷದ ಬಳಿಕ ಎಲ್ಲಿರುತ್ತೀರಿ?’ ಎಂದು ಕೇಳಿದರೆ ಮುಚ್ಚಿಡಬೇಡಿ, ಮೂವತ್ತು ನಲವತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸಿ. ‘ಆರ್ಥೊ ಸಿಗದಿದ್ದರೆ?’ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ‘ಸಿಗುವವರೆಗೂ ಪ್ರಯತ್ನಿಸುತ್ತೇನೆ’ ಎನ್ನುವುದು ಛಲದಂತೆ ಕೇಳಿಸುತ್ತದೆ ಎಂದು ನೀವು ತಿಳಿದಿದ್ದೀರಿ. ಕೇಳುವವರಿಗೆ ಅದು ಜನರಲ್ ಡೆಂಟಿಸ್ಟ್ರಿಯ ತಿರಸ್ಕಾರವಾಗಿ ಕೇಳಿಸುತ್ತದೆ, ಎದುರಿಗೆ ಕೂತವರೂ ಜನರಲ್ ಡೆಂಟಿಸ್ಟೇ ಇರಬಹುದು. ಒಂದೇ ಕುಟುಂಬವನ್ನು ಇಪ್ಪತ್ತು ವರ್ಷ ನೋಡಿಕೊಳ್ಳುವುದೋ, ಬೆಳಗ್ಗೆ ನೋವೆಂದು ಬಂದವರನ್ನು ಮಧ್ಯಾಹ್ನದೊಳಗೆ ನಗಿಸಿ ಕಳಿಸುವುದೋ, ಜನರಲ್ ಕೆಲಸದಲ್ಲಿ ನಿಮಗೆ ಹಿಡಿಸಿದ್ದನ್ನು ಒಂದಾದರೂ ಹೆಸರಿಸಿ. ಹೆಸರಿಸಲು ಏನೂ ಹೊಳೆಯದಿದ್ದರೆ ತೊಂದರೆ ಉತ್ತರದಲ್ಲಿಲ್ಲ. ಮೂರು ಲಕ್ಷ ಡಾಲರ್ ಆಸುಪಾಸಿನ ಸಾಲ ತಲೆಯ ಮೇಲೆ ಎಳೆದುಕೊಳ್ಳುವ ಮೊದಲು ಅರ್ಜಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿ. ನಾನಾದರೆ ಅದನ್ನೇ ಹೇಳುತ್ತೇನೆ, ನಿಮ್ಮ ಮನೆಯವರಿಗೆ ಬೇಸರವಾದರೂ.

ಸಂಪಾದನೆ, ರಾತ್ರಿ ತುರ್ತು ಕರೆ ಇರುವುದಿಲ್ಲ, ವಾರಕ್ಕೆ ನಾಲ್ಕೇ ದಿನ ಕೆಲಸ: ಈ ಕಾರಣಗಳು ಎಲ್ಲರಿಗೂ ಗೊತ್ತು. ನೀವು ಹೇಳಬೇಕಿಲ್ಲ.

ಪ್ರಶ್ನೆ: ಮಕ್ಕಳ ದಂತವೈದ್ಯ ಅಥವಾ ಪಬ್ಲಿಕ್ ಹೆಲ್ತ್ ಎಂದು ಬರೆದರೆ ಸೀಟು ಸುಲಭವಂತೆ, ನಿಜವೇ?

ಸುಳ್ಳು. ಮಕ್ಕಳ ಜೊತೆ ಒಂದು ಗಂಟೆಯೂ ಕೆಲಸ ಮಾಡದವರು ಹಾಗೆ ಬರೆದರೆ ಪಟ್ಟಿಯಲ್ಲೇ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಮ್ಯಾಕ್ಸಿಲೋಫೇಶಿಯಲ್ ಸರ್ಜನ್ (ಬಾಯಿ, ದವಡೆ, ಮುಖದ ಶಸ್ತ್ರವೈದ್ಯ) ಆಗಬೇಕು. ಹೇಳಲೇ?

‘ಹಾಗಿದ್ದರೆ ಮೆಡಿಕಲ್ ಸ್ಕೂಲ್‌ಗೆ ಯಾಕೆ ಹೋಗಲಿಲ್ಲ?’ ಎಂಬುದಕ್ಕೆ ಉತ್ತರ ಇದ್ದರೆ ಹೇಳಿ, ಇಲ್ಲದಿದ್ದರೆ ಬಾಯಿ ಬಿಡಬೇಡಿ. ರೆಸಿಡೆನ್ಸಿ ನಾಲ್ಕು ವರ್ಷ, ಎಂಡಿ (ಅಲ್ಲಿನ ವೈದ್ಯ ಪದವಿ) ಸೇರಿದರೆ ಆರು ಎಂಬುದಾದರೂ ತಿಳಿದಿರಲಿ.

ಪ್ರಶ್ನೆ: ಕಾಸ್ಮೆಟಿಕ್ ಡೆಂಟಿಸ್ಟ್ರಿಯಲ್ಲಿ ಸ್ಪೆಷಲಿಸ್ಟ್ ಆಗಬೇಕೆಂದು ಬರೆದಿದ್ದೇನೆ. ಸರಿಯೇ?

ಅಮೆರಿಕದಲ್ಲಿ ಮಾನ್ಯತೆ ಇರುವ ದಂತ ಸ್ಪೆಷಾಲಿಟಿಗಳು 12. ಕೊನೆಗೆ ಸೇರಿದ್ದು 2019ರಲ್ಲಿ ದಂತ ಅನಸ್ತೇಶಿಯಾ, 2020ರಲ್ಲಿ ಓರಲ್ ಮೆಡಿಸಿನ್ ಮತ್ತು ಓರೋಫೇಶಿಯಲ್ ಪೇನ್. ಕಾಸ್ಮೆಟಿಕ್ ಇಲ್ಲ, ಇಂಪ್ಲಾಂಟ್ ಕೂಡ ಇಲ್ಲ. ಆ ವಾಕ್ಯ ಇವತ್ತೇ ಅಳಿಸಿ.

ಪ್ರಶ್ನೆ: ಮಗಳಿಗೆ ಸೇರುವಾಗಲೇ ಅದೇ ಸ್ಕೂಲ್‌ನಲ್ಲಿ ಆರ್ಥೊ ಸೀಟು ಖಾತ್ರಿ ಮಾಡಿಕೊಡುತ್ತೇವೆ ಎಂದು ಏಜೆಂಟರೊಬ್ಬರು ಹೇಳುತ್ತಾರೆ. ಪ್ರಬಂಧವನ್ನೂ ಅವರೇ ಬರೆದುಕೊಡುತ್ತಾರಂತೆ.

ದುಡ್ಡು ಕೊಟ್ಟಿದ್ದರೆ ವಾಪಸ್ ಕೇಳಿ. ಅಂಥ ಖಾತ್ರಿ ಕೊಡುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ಬರಹವೆಲ್ಲ ತನ್ನದೇ ಎಂದು ಅರ್ಜಿಯಲ್ಲಿ ದೃಢೀಕರಿಸಬೇಕಾದವಳು ನಿಮ್ಮ ಮಗಳು. ಸಿಕ್ಕಿಬಿದ್ದರೆ ಸೀಟು ಹೋಗುವುದು ಅವಳದು. ಆ ಏಜೆಂಟನ ಹೆಸರು ಎಲ್ಲೂ ಇರುವುದಿಲ್ಲ.

ಪ್ರಶ್ನೆ: ಭಾರತದಲ್ಲಿ ಬಿಡಿಎಸ್ ಮುಗಿಸಿದ್ದೇನೆ. ಅಮೆರಿಕದಲ್ಲಿ ಎಂಡೋಡಾಂಟಿಕ್ಸ್ (ರೂಟ್ ಕೆನಾಲ್ ವಿಭಾಗ) ಮಾಡುವಾಸೆ. ವಿದೇಶಿ ದಂತವೈದ್ಯರು ಹಾಕುವ ಕ್ಯಾಪಿಡ್ ಅರ್ಜಿಯಲ್ಲಿ ಇದನ್ನು ಬರೆಯಬಹುದೇ? ಇಲ್ಲ, ನೇರ ರೆಸಿಡೆನ್ಸಿಗೇ ಹಾಕಲೇ?

ವಿದೇಶಿ ಪದವೀಧರರನ್ನು ನೇರವಾಗಿ ತೆಗೆದುಕೊಳ್ಳುವ ರೆಸಿಡೆನ್ಸಿಗಳು ಇವೆ. ಆದರೆ ಅಲ್ಲಿನ ಮಾನ್ಯತೆ ಪಡೆದ ಡಿಡಿಎಸ್ ಅಥವಾ ಡಿಎಂಡಿ ಇಲ್ಲದೆ ಲೈಸೆನ್ಸ್ ಕೊಡದ ರಾಜ್ಯಗಳು ಹಲವು. ಯಾವ ರಾಜ್ಯದಲ್ಲಿ ನೆಲೆಸುವಿರೋ ಅಲ್ಲಿನ ಡೆಂಟಲ್ ಬೋರ್ಡ್‌ನ ನಿಯಮ ಮೊದಲು ಓದಿ, ಆಮೇಲೆ ದಾರಿ ಆರಿಸಿ. ರೆಸಿಡೆನ್ಸಿ ಮುಗಿದ ಮೇಲೆ ಓದಿ ತಲೆ ಚಚ್ಚಿಕೊಳ್ಳುವವರು ಕಡಿಮೆಯೇನಲ್ಲ.

ಕ್ಯಾಪಿಡ್ ಮೂಲಕ ಸೇರುವ ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ ಕೋರ್ಸ್ (ವಿದೇಶಿ ಪದವೀಧರರಿಗೆ ಡಿಡಿಎಸ್ ಅಥವಾ ಡಿಎಂಡಿ ಕೊಡುವುದು) ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ಅಲ್ಲೂ ಆಯ್ಕೆ ಜನರಲ್ ಡೆಂಟಿಸ್ಟ್‌ಗಾಗಿಯೇ. ಬೆಂಚ್ ಟೆಸ್ಟ್ (ಕೈಕೆಲಸದ ಪರೀಕ್ಷೆ) ಇಡುವ ಸ್ಕೂಲ್‌ಗಳು ಟೈಪೋಡಾಂಟ್ (ಕೃತಕ ಹಲ್ಲುಗಳ ಮಾದರಿ) ಮೇಲೆ ಕ್ಯಾಪ್‌ಗಾಗಿ ಹಲ್ಲು ಅರೆಯಲು, ಫಿಲ್ಲಿಂಗ್‌ಗೆ ಕುಳಿ ಕೊರೆಯಲು ಹೇಳುತ್ತವೆ. ನಿಮ್ಮ ರೂಟ್ ಕೆನಾಲ್ ಎಷ್ಟೇ ಚೆನ್ನಾಗಿರಲಿ, ಕ್ಯಾಪ್‌ನ ಅಂಚು ಒರಟಾದರೆ ಕಥೆ ಮುಗಿಯಿತು. ಎಂಡೋ ಬಗ್ಗೆ ಎರಡು ವಾಕ್ಯ ಬರೆಯಿರಿ. ‘ಡಿಡಿಎಸ್ ನನಗೆ ಮೆಟ್ಟಿಲು ಮಾತ್ರ’ ಎಂಬ ಧಾಟಿ ಬೇಡ. ಎಂಡಿಎಸ್ ಆಗಿದ್ದರೆ ಬಚ್ಚಿಡಬೇಡಿ, ಅಂಕಪಟ್ಟಿಯಲ್ಲಿ ಅದು ಹೇಗೂ ಇರುತ್ತದೆ.

ಪ್ರಶ್ನೆ: ಸಂದರ್ಶನದಲ್ಲಿ ಸ್ಪೆಷಾಲಿಟಿಯ ಮಾತು ಬರಲೇ ಇಲ್ಲ. ಥ್ಯಾಂಕ್ಯೂ ಮೇಲ್‌ನಲ್ಲಿ ಸೇರಿಸಲೇ?

ಬೇಡ. ಮೂರು ಸಾಲಿನ ಧನ್ಯವಾದ ಸಾಕು.