ಒಂದನೇ ಕ್ಲಾಸಿನ ಸೀಟು, ಹನ್ನೆರಡು ವರ್ಷದ ಲೆಕ್ಕ

ಹೆಸರು, ಊರು, ಬಡಾವಣೆ ಎಲ್ಲವನ್ನೂ ಬದಲಾಯಿಸಿ ಬರೆಯುತ್ತಿದ್ದೇನೆ. ಸುಧಾ ಮತ್ತು ಪ್ರಕಾಶ್ ಬೆಂಗಳೂರಿನ ಬನಶಂಕರಿ ಕಡೆಯವರು. ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮಗಳಿಗೆ ಐದೂವರೆ ವರ್ಷ, ಪುಟ್ಟಿ ಅಂತ ಕರೆಯೋಣ. ಹಗಲಲ್ಲಿ ಅವಳನ್ನು ನೋಡಿಕೊಳ್ಳುವವರು ಪ್ರಕಾಶ್ ಅವರ ತಾಯಿ. ಯುಕೆಜಿ ಮುಗಿಯುತ್ತಾ ಬಂದಿತ್ತು. ಸರ್ಜಾಪುರ ರಸ್ತೆ ಕಡೆಯ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ವಾರದೊಳಗೆ ದುಡ್ಡು ಕಟ್ಟಬೇಕಿತ್ತು. ಅದೇ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟಿದ್ದ ಗಂಡ ಹೆಂಡತಿ ಆಪ್ತ ಸಲಹೆಗೆ ಅಂತ ನನ್ನ ಹತ್ತಿರ ಬಂದಿದ್ದರು.

ಸುಧಾ ಹೇಳಿದ್ದು ಇಷ್ಟು: "ನಾನು ಅರಸೀಕೆರೆ ಹತ್ತಿರದ ಹಳ್ಳಿಯವಳು ಮೇಡಂ. ಪೂರ್ತಿ ಕನ್ನಡ ಮೀಡಿಯಂ. ಇಂಜಿನಿಯರಿಂಗ್ ಮೊದಲ ವರ್ಷ ಡೌಟ್ ಕೇಳೋಕೂ ಬಾಯಿ ಬರ್ತಿರಲಿಲ್ಲ. ನನ್ನ ಮಗಳಿಗೆ ಅದು ಬೇಡ."

ಪ್ರಕಾಶ್ ತಲೆಯಲ್ಲಿ ಮನೆ ಸಾಲದ ಕಂತು ಓಡುತ್ತಿತ್ತು. ಅದು ನ್ಯಾಯವೇ. ಆದರೆ ಜಗಳದ ಮಧ್ಯೆ ಅವರು, "ನಿನ್ನ ಕೀಳರಿಮೆಗೆ ನನ್ನ ಸಂಬಳ ಸುಡಬೇಡ" ಅಂದಿದ್ದರು. ಈ ಮಾತು ಹೊರಬಂದ ಮೇಲೆ ನಾನು ಶಾಲೆಯ ವಿಷಯವನ್ನು ಪಕ್ಕಕ್ಕಿಟ್ಟೆ. ಇದು ಇತ್ಯರ್ಥವಾಗದೆ ಯಾವ ಶಾಲೆ ಆರಿಸಿದರೂ ಒಬ್ಬರು ಗೆದ್ದಂತೆ, ಒಬ್ಬರು ಸೋತಂತೆ ಆಗುತ್ತದೆ, ಅಲ್ವಾ? ಸುಧಾ ಪಟ್ಟ ಕಷ್ಟ ಸುಳ್ಳಲ್ಲ. ಆ ಮಾತನ್ನು ಅವರ ಎದುರಿಗೇ ವಾಪಸ್ ತೆಗೆದುಕೊಳ್ಳಿ ಅಂತ ಪ್ರಕಾಶ್‌ಗೆ ಹೇಳಿದೆ. ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು, ಆದರೆ ಹೇಳಿದರು.

ಸುಧಾಗೂ ಒಂದು ಮಾತು ನೇರವಾಗಿ ಹೇಳಿದೆ. ನಿಮಗಿರುವ ಭಯ ಇಂಗ್ಲಿಷಿನದು. ಅದಕ್ಕೆ ಬೆಂಗಳೂರಿನ ಯಾವುದೇ ಒಳ್ಳೆ ಇಂಗ್ಲಿಷ್ ಮೀಡಿಯಂ ಶಾಲೆ ಸಾಕು. ಪುಟ್ಟಿ ಈಗಾಗಲೇ ಆಟದ ಮಧ್ಯೆ ಎರಡೂ ಭಾಷೆ ಬೆರೆಸಿ ಮಾತಾಡುತ್ತಾಳೆ. ಆಗ ಅವರು, "ಹಾಗಾದ್ರೆ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಜಾಸ್ತಿ ಏನು ಸಿಗುತ್ತೆ?" ಅಂತ ಕೇಳಿದರು. ಸೀಟು ಹಿಡಿಯುವ ಗಡಿಬಿಡಿಯಲ್ಲಿ ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಮೊದಲು ಹೆಸರಿನ ವಿಷಯ. ಬೋರ್ಡಿನ ಮೇಲೆ ಇಂಟರ್‌ನ್ಯಾಷನಲ್ ಅಂತಿದ್ದರೂ ಒಳಗೆ ಸಿಬಿಎಸ್‌ಇ ಪಾಠ ನಡೆಯುವ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಪಠ್ಯಕ್ರಮವೇ ಹೊರದೇಶದ್ದು ಅಂದರೆ ಸಾಮಾನ್ಯವಾಗಿ ಎರಡು: 1968ರಲ್ಲಿ ಜಿನೀವಾದಲ್ಲಿ ಶುರುವಾದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್), ಇಲ್ಲವೇ ಕೇಂಬ್ರಿಡ್ಜ್‌ನ ಐಜಿಸಿಎಸ್‌ಇ. ಇವರು ತಂದಿದ್ದ ಬಣ್ಣದ ಬ್ರೋಷರ್ ತಿರುಗಿಸಿ ನೋಡಿದೆ. ಕೊನೆಯ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ 'ಐಬಿ ಕ್ಯಾಂಡಿಡೇಟ್ ಸ್ಕೂಲ್' ಅಂತಿತ್ತು. ಅಂದರೆ ಅರ್ಜಿ ಹಾಕಿ ತಯಾರಿ ನಡೆಸುತ್ತಿದ್ದಾರೆ, ಮಾನ್ಯತೆ ಇನ್ನೂ ಬಂದಿಲ್ಲ, ಬಂದೇ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಇಬ್ಬರೂ ಅದನ್ನು ಗಮನಿಸಿರಲಿಲ್ಲ. ಯಾವ ಶಾಲೆಗೆ ಮಾನ್ಯತೆ ಇದೆ ಅನ್ನುವುದನ್ನು ಐಬಿ ಸಂಸ್ಥೆಯ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ದುಡ್ಡು ಕಟ್ಟುವ ಮೊದಲು ಮಾಡಬೇಕಾದ ಕೆಲಸ ಅದು.

ಐಬಿ ಒಳ್ಳೆಯ ಪದ್ಧತಿ, ಅದರಲ್ಲಿ ಅನುಮಾನವಿಲ್ಲ. ಸಣ್ಣ ಮಕ್ಕಳಿಗೆ ಪ್ರಶ್ನೆ ಕೇಳಿ, ಹುಡುಕಿ ಕಲಿಯುವ ಅಭ್ಯಾಸ ಆಗುತ್ತದೆ. ಕೊನೆಯ ಎರಡು ವರ್ಷದ ಡಿಪ್ಲೊಮಾದಲ್ಲಿ ಆರು ವಿಷಯ, ಜೊತೆಗೆ 4000 ಪದಗಳವರೆಗಿನ ಒಂದು ದೊಡ್ಡ ಪ್ರಬಂಧ ಇರುತ್ತದೆ. ಒಟ್ಟು ಅಂಕ 45. ಹೊರದೇಶದ ಯೂನಿವರ್ಸಿಟಿಗಳು ಇದನ್ನು ಚೆನ್ನಾಗಿ ಗುರುತಿಸುತ್ತವೆ. ಆದರೆ ಜೆಇಇ, ನೀಟ್ ಬರೆಯಬೇಕಾದರೆ ಆ ಪಠ್ಯ ಬೇರೆಯೇ, ಅದಕ್ಕೆ ಪ್ರತ್ಯೇಕ ತಯಾರಿ ಬೇಕು. ನಮ್ಮ ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಹನ್ನೆರಡನೇ ಕ್ಲಾಸಿನ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಐಬಿಯ ಮೇ ಪರೀಕ್ಷೆಯ ಫಲಿತಾಂಶ ಬರುವುದೇ ಜುಲೈ ಮೊದಲ ವಾರದಲ್ಲಿ, ಆ ಅರ್ಧ ಅಂಕಕ್ಕೆ ಅಲ್ಲಿಯವರೆಗೆ ಕಾಯಬೇಕು. ಹನ್ನೆರಡರ ನಂತರ ಮಗಳು ಎಲ್ಲಿ ಓದಬೇಕು ಅಂತ ಕೇಳಿದೆ. ಪ್ರಕಾಶ್ "ಇಲ್ಲೇ" ಅಂದರು. ಸುಧಾ "ಗೊತ್ತಿಲ್ಲ ಮೇಡಂ" ಅಂದರು. ಐದೂವರೆ ವರ್ಷದ ಮಗುವಿನ ಬಗ್ಗೆ ಗೊತ್ತಿಲ್ಲ ಅನ್ನುವುದೇ ಸರಿಯಾದ ಉತ್ತರ. ಹಾಗಿದ್ದ ಮೇಲೆ ಈಗಲೇ ಒಂದೇ ದಾರಿಗೆ ಕಟ್ಟಿಹಾಕಿಕೊಳ್ಳುವುದು ಯಾಕೆ?

ಆಮೇಲೆ ಒಂದು ಹಾಳೆ ಕೊಟ್ಟು ಪ್ರಕಾಶ್ ಕೈಯಲ್ಲೇ ಲೆಕ್ಕ ಹಾಕಿಸಿದೆ. ಮೊದಲ ವರ್ಷದ ಫೀಸು ನಾಲ್ಕೂವರೆ ಲಕ್ಷ. ವರ್ಷಕ್ಕೆ ಶೇ. 10 ಏರುತ್ತದೆ ಅಂತಿಟ್ಟುಕೊಂಡರೆ ಹನ್ನೆರಡು ವರ್ಷಕ್ಕೆ ಸುಮಾರು 96 ಲಕ್ಷ. ಬಸ್ಸು, ಊಟ, ಟ್ರಿಪ್ಪು ಬೇರೆ. ಸುಧಾ ಆ ಅಂಕಿಯನ್ನು ತುಂಬಾ ಹೊತ್ತು ನೋಡಿದರು. ಅಲ್ಲಿಯವರೆಗೂ ಪ್ರಕಾಶ್ ಸುಮ್ನೆ "ಆಗಲ್ಲ" ಅಂತಿದ್ದರೇ ಹೊರತು ಒಟ್ಟು ಎಷ್ಟು ಅಂತ ಹೇಳಿರಲಿಲ್ಲ. ಇಲ್ಲಿ ನನಗೆ ಜಾಸ್ತಿ ಚಿಂತೆ ಮೊದಲ ವರ್ಷದ್ದಲ್ಲ. ಆರನೆಯದಕ್ಕೋ ಏಳನೆಯದಕ್ಕೋ ಕೈ ಕಟ್ಟಿಹೋಗಿ ಶಾಲೆ ಬಿಡಿಸಿದರೆ, ಮಗು ಗೆಳೆಯರನ್ನು ಬಿಟ್ಟು ಬೇರೆ ರೀತಿಯ ಪಾಠ, ಪರೀಕ್ಷೆಗೆ ಹೊಂದಿಕೊಳ್ಳಬೇಕು. ಕಟ್ಟಿದರೆ ಕೊನೆಯವರೆಗೂ ಕಟ್ಟುವಷ್ಟು ಶಕ್ತಿ ಇರಬೇಕು.

ಮನೆಗೆ ಎರಡು ಕೆಲಸ ಕೊಟ್ಟು ಕಳಿಸಿದೆ. ಶಾಲೆ ನಡೆಯುವ ದಿನ ಬೆಳಿಗ್ಗೆ ಬಸ್ಸಿನ ಸಮಯಕ್ಕೇ ಹೊರಟು ಶಾಲೆಯವರೆಗೆ ಹೋಗಿ ಬನ್ನಿ ಅಂದೆ. ಸಿಲ್ಕ್ ಬೋರ್ಡ್ ದಾಟಿ ತಲುಪುವುದಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಆಯಿತಂತೆ. ಎರಡನೆಯದು, ಶಾಲೆಯವರನ್ನು ಕೇಳಬೇಕಾದ ಪ್ರಶ್ನೆಗಳು. ಮೂರು ವರ್ಷಕ್ಕಿಂತ ಹಳೆಯ ಟೀಚರ್‌ಗಳು ಎಷ್ಟು ಜನ ಇದ್ದಾರೆ? ಕನ್ನಡ ವಾರಕ್ಕೆ ಎಷ್ಟು ಪೀರಿಯಡ್, ಯಾರು ಕಲಿಸುತ್ತಾರೆ? ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸಬೇಕು ಅಂತ 2015ರ ಕಾಯ್ದೆಯೇ ಇದೆ. ಐಬಿ ಶಾಲೆಯಾದರೆ ಅದಕ್ಕೆ ಬರಹದಲ್ಲಿ ಒಂದು ಭಾಷಾ ನೀತಿ ಇರಲೇಬೇಕು, ಅದನ್ನು ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಮುಂದಿನ ಸಲ ಅಜ್ಜಿಯನ್ನೂ ಕರೆದುಕೊಂಡು ಬನ್ನಿ ಅಂದಿದ್ದೆ. ಶಾಲೆಯ ಬಗ್ಗೆ ಮನೆಯಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಅವರು ಹೇಳಿದರು: "ಮಗು ಈಗ ತಿಂಡಿ ತಿನ್ನೋವಾಗ ಸ್ಕೂಲಲ್ಲಿ ಆಗಿದ್ದೆಲ್ಲ ನನಗೆ ಹೇಳುತ್ತೆ. ಯಾರು ಹೊಡೆದ್ರು, ಯಾರು ಅತ್ರು, ಎಲ್ಲ. ಸಂಜೆ ಆರು ಗಂಟೆಗೆ ಬಂದ್ರೆ ತಟ್ಟೆ ಮುಂದೇನೇ ನಿದ್ದೆ ಹೋಗುತ್ತೆ." ಪುಟ್ಟಿ ಹೊಸಬರ ಜೊತೆ ಬೇಗ ಬೆರೆಯುವ ಮಗುವಲ್ಲ. ಅಂಥ ಮಗು ಮನಸ್ಸಲ್ಲಿರುವುದನ್ನು ಹೇಳಿಕೊಳ್ಳುವ ಆ ಅರ್ಧ ಗಂಟೆಯನ್ನು ಯಾವ ಈಜುಕೊಳಕ್ಕೂ ಬದಲಾಗಿ ಬಿಟ್ಟುಕೊಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಅದನ್ನೇ ಹೇಳಿದೆ.

ಪ್ರಕಾಶ್‌ಗೆ ಮೂರು ವರ್ಷಕ್ಕೊಮ್ಮೆ ದೇಶ ಬದಲಾಯಿಸುವ ಕೆಲಸ ಇದ್ದಿದ್ದರೆ ನಾನು ಐಬಿ ಕಡೆಗೇ ಮಾತಾಡುತ್ತಿದ್ದೆ. ಎಲ್ಲಿ ಹೋದರೂ ಅದೇ ಪದ್ಧತಿಯ ಶಾಲೆ ಹುಡುಕಬಹುದು. ಇವರ ಸ್ಥಿತಿ ಅದಲ್ಲ.

ಆ ಸೀಟು ಬಿಟ್ಟರು. ಮನೆಯಿಂದ ಇಪ್ಪತ್ತು ನಿಮಿಷದ ಐಸಿಎಸ್‌ಇ ಶಾಲೆಗೆ ಸೇರಿಸಿದ್ದಾರೆ. ಉಳಿಯುವ ಫೀಸಿನಲ್ಲಿ ಒಂದು ಭಾಗವನ್ನು ತಿಂಗಳು ತಿಂಗಳು ಪುಟ್ಟಿಯ ಓದಿಗೆ ಅಂತ ಬೇರೆ ಇಡುತ್ತಿದ್ದಾರೆ. ಐಬಿ ಡಿಪ್ಲೊಮಾಗೆ ಬೇರೆ ಬೋರ್ಡಿನಿಂದ ಹನ್ನೊಂದನೇ ಕ್ಲಾಸಿಗೂ ಸೇರಬಹುದು. ಆ ಮಾತನ್ನು ಮಗಳು ಒಂಬತ್ತಕ್ಕೆ ಬಂದಾಗ, ಅವಳನ್ನೂ ಕೂರಿಸಿಕೊಂಡು ಆಡಿ ಅಂತ ಹೇಳಿದ್ದೇನೆ. ಸುಧಾಗೆ ಆಸೆ ಪೂರ್ತಿ ಹೋಗಿಲ್ಲ. ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ಜೊತೆ ಇಂಗ್ಲಿಷಲ್ಲಿ ಮಾತಾಡುವಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಾರೆ. ಅದಕ್ಕಾಗಿ ಮಾತ್ರ ಅವರೊಬ್ಬರೇ ನನ್ನ ಹತ್ತಿರ ಬರುತ್ತಿದ್ದಾರೆ.