ಕೋವಿಯ ಲೆಕ್ಕ ಯಾರ ಕಪಾಟಿನಲ್ಲಿದೆ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಕಾನೂನು ಪ್ರಶ್ನೆಗಳಿಗೆ ನಮ್ಮ ವಕೀಲರು ಉತ್ತರಿಸುವ ಅಂಕಣ. ಈ ಬಾರಿ ಬಂದೂಕಿನ ದಾಖಲೆ ಕುರಿತು ಮೂರು ಪತ್ರಗಳು.

ಪ್ರಶ್ನೆ: ಸರ್, ನಮ್ಮದು ಕೊಡಗು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯ ನಳಿಗೆಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನು ನಾನು. ಗ್ರೀನ್ ಕಾರ್ಡ್ ಬಂದ ಮೇಲೆ ಟೆಕ್ಸಾಸ್‌ನ ಅಂಗಡಿಯಲ್ಲಿ ಒಂದು ಪಿಸ್ತೂಲು, ಒಂದು ಶಾಟ್‌ಗನ್ ಕೊಂಡಿದ್ದೆ. ಕೆಲಸ ಬದಲಾಗಿ ಕ್ಯಾಲಿಫೋರ್ನಿಯಕ್ಕೆ ಬಂದು ಒಂದು ತಿಂಗಳಾಯಿತು. ಇಲ್ಲಿ ಎರಡನ್ನೂ ಸರ್ಕಾರಕ್ಕೆ ತಿಳಿಸಬೇಕಂತೆ. ಶೂಟಿಂಗ್ ರೇಂಜ್‌ನಲ್ಲಿ ಪರಿಚಯವಾದ ಒಬ್ಬರು, 'ಸುಮ್ಮನಿರಿ, ಟೆಕ್ಸಾಸ್‌ನಲ್ಲಿ ಕೊಂಡಿದ್ದು ಇವರಿಗೆ ಹೇಗೆ ಗೊತ್ತಾಗುತ್ತೆ? ಪಟ್ಟಿಗೆ ಹೆಸರು ಸೇರಿದರೆ ನಾಳೆ ಊರಿಗೆಲ್ಲ ಗೊತ್ತಾಗುತ್ತೆ' ಅಂದರು. ಏನು ಮಾಡಲಿ?
– ಸ್ಯಾಕ್ರಮೆಂಟೊದ ಓದುಗರು

ಉತ್ತರ: ಮೊದಲು ಗಡುವಿನ ಮಾತು. ಕ್ಯಾಲಿಫೋರ್ನಿಯಕ್ಕೆ ವಾಸ ಬದಲಿಸಿದವರು ತಂದ ಪ್ರತಿಯೊಂದು ಬಂದೂಕನ್ನೂ 60 ದಿನದೊಳಗೆ ರಾಜ್ಯದ ನ್ಯಾಯ ಇಲಾಖೆಗೆ ವರದಿ ಮಾಡಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕ 19 ಡಾಲರ್. ನಿಮ್ಮ ಕೈಯಲ್ಲಿ ಇನ್ನು ಒಂದು ತಿಂಗಳಿದೆ. ಅದಕ್ಕೂ ಮುಂಚೆ ಮ್ಯಾಗಜಿನ್ ತೆಗೆದು ನೋಡಿ. ಹತ್ತು ಗುಂಡಿಗಿಂತ ಹೆಚ್ಚು ಹಿಡಿಯುವ ಮ್ಯಾಗಜಿನ್ ಈ ರಾಜ್ಯದೊಳಗೆ ತರುವಂತಿಲ್ಲ. ಟೆಕ್ಸಾಸ್‌ನಿಂದ ಬಂದವರು ಸಿಕ್ಕಿಬೀಳುವುದು ಬಂದೂಕಿನಿಂದಲ್ಲ, ಬಹುತೇಕ ಈ ಮ್ಯಾಗಜಿನ್‌ನಿಂದಲೇ.

ನಿಮ್ಮ ರೇಂಜ್ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ನಿಜ. ಟೆಕ್ಸಾಸ್ ರಾಜ್ಯಕ್ಕೆ ಬಂದೂಕಿನ ಪಟ್ಟಿಯೇ ಇಲ್ಲ. ನೀವು ಅಂಗಡಿಯಲ್ಲಿ ತುಂಬಿದ ಫಾರಂ 4473 ದೆಹಲಿಯಂಥ ಯಾವ ಕೇಂದ್ರ ಕಚೇರಿಗೂ ಹೋಗಲಿಲ್ಲ, ಆ ಅಂಗಡಿಯವನ ಕಪಾಟಿನಲ್ಲೇ ಇದೆ. ಮೊದಲು ಅದನ್ನು 20 ವರ್ಷ ಇಟ್ಟುಕೊಂಡರೆ ಸಾಕಿತ್ತು. 2022ರ ಆಗಸ್ಟ್‌ನಿಂದ ಅಂಗಡಿ ನಡೆಯುವಷ್ಟು ಕಾಲವೂ ಇಟ್ಟುಕೊಳ್ಳಬೇಕು. ಅಂಗಡಿಯವನು ಕಂಪ್ಯೂಟರ್‌ನಲ್ಲಿ ನಿಮ್ಮ ಹಿನ್ನೆಲೆ ವಿಚಾರಿಸಿದನಲ್ಲ, ಎಫ್‌ಬಿಐ ನಡೆಸುವ ಆ ತಪಾಸಣೆಯಲ್ಲಿ 'ಮಾರಬಹುದು' ಎಂದು ಬಂದ ಮೇಲೆ ನಿಮ್ಮ ಗುರುತಿನ ವಿವರವನ್ನು 24 ಗಂಟೆಯೊಳಗೆ ಅಳಿಸಬೇಕೆಂಬ ನಿಯಮವಿದೆ. ಕೇಂದ್ರ ಸರ್ಕಾರ ಈ ಅಂಗಡಿ ದಾಖಲೆಗಳಿಂದ ದೇಶದ ಬಂದೂಕು ಮಾಲೀಕರ ನೋಂದಣಿ ಕಟ್ಟಬಾರದೆಂದು 1986ರ ಕಾಯಿದೆ ನೇರವಾಗಿ ಹೇಳುತ್ತದೆ. ಮೆಷಿನ್ ಗನ್, ಸೈಲೆನ್ಸರ್‌ನಂಥವು ಮಾತ್ರ ಬೇರೆ. ಅವಕ್ಕೆ 1934ರಿಂದಲೂ ಕೇಂದ್ರದ ನೋಂದಣಿ ಇದೆ.

ಹಾಗಾದರೆ ಕೊಲೆಯಾದ ಜಾಗದಲ್ಲಿ ಬಂದೂಕು ಸಿಕ್ಕರೆ ಪೊಲೀಸರು ಮಾಲೀಕನನ್ನು ಹುಡುಕುವುದು ಹೇಗೆ? ಇಲ್ಲಿ ಕಥೆ ಸ್ವಾರಸ್ಯವಾಗಿದೆ. ಪಶ್ಚಿಮ ವರ್ಜೀನಿಯದ ಮಾರ್ಟಿನ್ಸ್‌ಬರ್ಗ್ ಎಂಬ ಊರಿನಲ್ಲಿ, ಬಂದೂಕು ವ್ಯಾಪಾರದ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಎಟಿಎಫ್ ಸಂಸ್ಥೆಯ ಪತ್ತೆ ಕೇಂದ್ರವಿದೆ. ಪೊಲೀಸರು ಸೀರಿಯಲ್ ನಂಬರ್ ಕಳಿಸುತ್ತಾರೆ. ಕೇಂದ್ರದವರು ತಯಾರಕನನ್ನು ಕೇಳುತ್ತಾರೆ, ಅವನು ಸಗಟು ವ್ಯಾಪಾರಿಯ ಹೆಸರು ಹೇಳುತ್ತಾನೆ, ಸಗಟಿನವನು ಅಂಗಡಿಯ ಹೆಸರು, ಅಂಗಡಿಯವನು ಫಾರಂ ತೆಗೆದು ಮೊದಲು ಕೊಂಡವನ ಹೆಸರು. ಮುಚ್ಚಿದ ಅಂಗಡಿಗಳ ದಾಖಲೆಗಳೆಲ್ಲ ಪೆಟ್ಟಿಗೆಗಟ್ಟಲೆ ಮಾರ್ಟಿನ್ಸ್‌ಬರ್ಗ್‌ಗೇ ಬಂದು ಬೀಳುತ್ತವೆ. ಅಂಥವು 90 ಕೋಟಿಗೂ ಹೆಚ್ಚಿವೆ. ಸ್ಕ್ಯಾನ್ ಮಾಡಿದ್ದಾರೆ, ಆದರೆ ಹೆಸರು ಟೈಪ್ ಮಾಡಿ ಹುಡುಕುವಂತಿಲ್ಲ. ಬಂದೂಕಿನಿಂದ ಮನುಷ್ಯನ ಕಡೆಗೆ ದಾರಿ ಇದೆ, ಮನುಷ್ಯನಿಂದ ಬಂದೂಕಿನ ಕಡೆಗೆ ಇಲ್ಲ. ಅಷ್ಟೊಂದು ಕಾಗದ ಒಂದೇ ಸೂರಿನಡಿ ಸೇರಿದ್ದನ್ನು ನೋಡಿ 'ಇದು ಹಿಂಬಾಗಿಲ ನೋಂದಣಿ' ಎಂದು ಅನುಮಾನ ಪಡುವವರಿದ್ದಾರೆ. ಆ ಅನುಮಾನ ತೀರಾ ಹುಚ್ಚಲ್ಲ ಎನ್ನುವುದು ನನ್ನ ಅಭಿಪ್ರಾಯ. ಹೆಸರಿನಿಂದ ಹುಡುಕುವ ದಾರಿಯನ್ನು ತಡೆದಿರುವುದು ಕಾನೂನು, ಯಂತ್ರವಲ್ಲ.

ಆದರೆ ಮಾಹಿತಿ ನಿಜವಾಗಿ ಸೋರಿದ್ದು ಅಲ್ಲಿಂದಲ್ಲ, ರಾಜ್ಯ ಮತ್ತು ಕೌಂಟಿಗಳ ಮನೆಯಿಂದ. 2012ರ ಡಿಸೆಂಬರ್‌ನಲ್ಲಿ, ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ಬೆನ್ನಲ್ಲೇ, ನ್ಯೂಯಾರ್ಕ್ ರಾಜ್ಯದ ಒಂದು ಪತ್ರಿಕೆ ವೆಸ್ಟ್‌ಚೆಸ್ಟರ್ ಮತ್ತು ರಾಕ್‌ಲೆಂಡ್ ಕೌಂಟಿಗಳ ಪಿಸ್ತೂಲು ಪರವಾನಗಿದಾರರ ಹೆಸರು, ವಿಳಾಸಗಳನ್ನು ನಕ್ಷೆಯ ಮೇಲೆ ಚುಕ್ಕಿ ಇಟ್ಟು ಪ್ರಕಟಿಸಿತು. ಕದ್ದ ಮಾಹಿತಿಯಲ್ಲ ಅದು, ಕಾನೂನಿನ ಪ್ರಕಾರವೇ ಕೇಳಿ ಪಡೆದದ್ದು. ಪಕ್ಕದ ಪುಟ್ನಮ್ ಕೌಂಟಿ ಕೊಡುವುದಿಲ್ಲ ಎಂದಿತು. ಮರುತಿಂಗಳೇ ಬಂದ ಹೊಸ ಕಾನೂನಿನಲ್ಲಿ, ತಮ್ಮ ಹೆಸರು ಹೊರಗೆ ಕೊಡಬೇಡಿ ಎಂದು ಬರೆದುಕೊಡುವ ಅವಕಾಶ ಪರವಾನಗಿದಾರರಿಗೆ ಸಿಕ್ಕಿತು.

ಇನ್ನೊಂದು ನಿಮ್ಮ ರಾಜ್ಯದ್ದೇ. 2022ರ ಜೂನ್ 27ರಂದು ಕ್ಯಾಲಿಫೋರ್ನಿಯ ನ್ಯಾಯ ಇಲಾಖೆ ಬಂದೂಕು ಅಂಕಿಅಂಶಗಳ ಹೊಸ ಡ್ಯಾಶ್‌ಬೋರ್ಡ್ ತೆರೆಯಿತು. ಹೆಸರಿಲ್ಲದ ಬರಿಯ ಸಂಖ್ಯೆಗಳು ಕಾಣಬೇಕಿತ್ತು. ಆದರೆ ಹಿಂದಿದ್ದ ಮೂಲ ಮಾಹಿತಿಯೇ ಡೌನ್‌ಲೋಡ್ ಆಗುವಂತಿತ್ತು. ಬಂದೂಕನ್ನು ಮರೆಯಲ್ಲಿ ಒಯ್ಯಲು ಪರವಾನಗಿ ಕೇಳಿದ್ದ ಸುಮಾರು 1,92,000 ಜನರ ಹೆಸರು, ಜನ್ಮದಿನಾಂಕ, ವಿಳಾಸ ಹೊರಬಿದ್ದವು. ಅರ್ಧ ದಿನದಷ್ಟು ಹೊತ್ತಿನಲ್ಲಿ 2,700ಕ್ಕೂ ಹೆಚ್ಚು ಬಾರಿ ಜನ ಅದನ್ನು ಇಳಿಸಿಕೊಂಡರು. ಬೇಕೆಂದು ಮಾಡಿದ್ದಲ್ಲ, ಅಜಾಗರೂಕತೆ ಎಂದು ತನಿಖೆ ಹೇಳಿತು. ನಮ್ಮಂಥವರಿಗೆ ಅದೇ ಹೆಚ್ಚು ಭಯ. ಬೇಕೆಂದು ಮಾಡುವವನನ್ನು ತಡೆಯಬಹುದು, ಬೀಗ ಹಾಕಲು ಮರೆಯುವವನನ್ನು ತಡೆಯುವುದು ಕಷ್ಟ.

ಹಾಗಿದ್ದರೂ ವರದಿ ಮಾಡಿ ಎಂದೇಕೆ ಹೇಳುತ್ತೇನೆ? ಸೋರಿದ್ದು ಪರವಾನಗಿ ಅರ್ಜಿದಾರರ ವಿವರ. ನೀವು ಕೊಡುವುದು ಮಾಲೀಕತ್ವದ ವರದಿ. ಅದು ಪೊಲೀಸರು ನೋಡುವ ರಾಜ್ಯದ ಕಡತಕ್ಕೆ ಸೇರುತ್ತದೆ, ಯಾರೋ ಬಂದು ಕೇಳಿದರೆ ಕೊಡುವ ಕಾಗದವಲ್ಲ. 2021ರ ಕಾನೂನಿನಡಿ ಹಿಂಸೆಯ ಬಗ್ಗೆ ಸಂಶೋಧನೆ ಮಾಡುವ ವಿಶ್ವವಿದ್ಯಾಲಯದವರಿಗೂ ಅದು ಹೋಗಬಹುದು. ಮಾಲೀಕರು ಕೋರ್ಟಿಗೆ ಹೋದರೂ ಆ ಕಾನೂನು ಉಳಿಯಿತು. ಇದೆಲ್ಲ ಗೊತ್ತಿದ್ದೇ ವರದಿ ಮಾಡಬೇಕು. ನಾಳೆ ಮನೆಗೆ ಕಳ್ಳ ನುಗ್ಗಿ ಪಿಸ್ತೂಲು ಒಯ್ದರೆ ದೂರು ಕೊಡಲೇಬೇಕಲ್ಲ, ಆಗ 'ಇಷ್ಟು ದಿನ ಯಾಕೆ ಹೇಳಲಿಲ್ಲ' ಎಂಬ ಪ್ರಶ್ನೆ ನಿಮ್ಮ ಕಡೆಗೇ ತಿರುಗುತ್ತದೆ. ಗ್ರೀನ್ ಕಾರ್ಡ್‌ನವರಿಗೆ ಬಂದೂಕಿನ ಕೇಸು ಬರಿಯ ದಂಡದಲ್ಲಿ ಮುಗಿಯುವುದಿಲ್ಲ.

ಇನ್ನು ಊರಿನ ಮಾತು ಬಂತಲ್ಲ. ಕೊಡವರು ಮತ್ತು ಜಮ್ಮಾ ಭೂಮಿಯವರು ಪರಂಪರೆಯಿಂದ ಇಟ್ಟುಕೊಂಡ ಜಮ್ಮಾ ಕೋವಿಗೆ ಲೈಸೆನ್ಸ್ ಬೇಡ ಎಂದು ನಾವು ಹೆಮ್ಮೆಪಡುತ್ತೇವೆ, ಆ ವಿನಾಯಿತಿ 2029ರವರೆಗೆ ಇದೆ. ಆದರೆ ವಿನಾಯಿತಿ ಪತ್ರ ಕೊಡುವುದು ಡಿಸಿ ಕಚೇರಿಯೇ. ಮಡಿಕೇರಿಯಲ್ಲೂ ನಿಮ್ಮ ಮನೆಯ ಕೋವಿ ಲೆಕ್ಕದಲ್ಲೇ ಇದೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬೇಟೆ ಲೈಸೆನ್ಸ್ ಮಾಡಿಸಿಕೊಂಡರೆ ಬಂದೂಕು ಕೊಳ್ಳಬಹುದು ಎಂದು ಸಹೋದ್ಯೋಗಿ ಹೇಳಿದ. ಹೌದೇ? ಕೊಂಡರೆ ಇಮಿಗ್ರೇಷನ್‌ನವರಿಗೆ ಗೊತ್ತಾಗುತ್ತದೆಯೇ?
– ಕೊಲಂಬಸ್, ಒಹಾಯೊ

ಉತ್ತರ: ಎರಡಕ್ಕೂ ಹೌದು. ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ. ಚಾಲ್ತಿ ಎಂಬ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿ, ಲೈಸೆನ್ಸ್ ಅವಧಿ ಮುಗಿದ ದಿನ ಬಂದೂಕು ನಿಮ್ಮ ಬೀರುವಿನಲ್ಲಿದ್ದರೆ ಅದೇ ಅಪರಾಧ. ಫಾರಂನಲ್ಲಿ ನಿಮ್ಮ ಪ್ರವೇಶ ದಾಖಲೆಯ ಸಂಖ್ಯೆ ಕೇಳುತ್ತಾರೆ, ತಪಾಸಣೆಯ ವೇಳೆ ಇಮಿಗ್ರೇಷನ್ ಇಲಾಖೆಯ ಕಡತವನ್ನೂ ನೋಡುತ್ತಾರೆ. ಅದನ್ನು ತಪ್ಪಿಸಲು ಫಾರಂನಲ್ಲಿ ಸುಳ್ಳು ಬರೆಯಬೇಡಿ. ಆಗ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರ ಮಗನೇ ಇದೇ ಫಾರಂನಲ್ಲಿ ಸುಳ್ಳು ಹೇಳಿದ್ದಕ್ಕೆ 2024ರಲ್ಲಿ ತಪ್ಪಿತಸ್ಥ ಎನಿಸಿಕೊಂಡ. ಅವನಿಗೆ ಕ್ಷಮಾದಾನ ಕೊಡಲು ಅಪ್ಪ ಇದ್ದರು. ಕೊಳ್ಳುವ ಮೊದಲು ನಿಮ್ಮ ಇಮಿಗ್ರೇಷನ್ ವಕೀಲರ ಜತೆ ಒಮ್ಮೆ ಮಾತಾಡಿ.

ಪ್ರಶ್ನೆ: ಪೆನ್ಸಿಲ್ವೇನಿಯದಿಂದ ಮೇನ್‌ಗೆ ಜಿಂಕೆ ಬೇಟೆಗೆ ಕಾರಿನಲ್ಲಿ ಹೊರಟಿದ್ದೇವೆ. ನಡುವೆ ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ಬರುತ್ತವೆ. ಅಲ್ಲಿ ಪೊಲೀಸರು ನಿಲ್ಲಿಸಿದರೆ ನಂಬರ್ ಪ್ಲೇಟ್ ನೋಡಿದ ಕೂಡಲೇ ನನ್ನ ಬಳಿ ರೈಫಲ್ ಇರುವುದು ತಿಳಿಯುತ್ತದೆಯೇ?
– ಹೆಸರು ಬೇಡ ಎಂದ ಓದುಗರು

ಉತ್ತರ: ಪ್ಲೇಟ್‌ನಿಂದ ಕಾರಿನ ವಿವರ, ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆ. ನೀವು ಯಾವ ಬಂದೂಕು ಕೊಂಡಿದ್ದೀರಿ ಎಂಬುದು ಸಿಗುವುದಿಲ್ಲ. ಒಯ್ಯುವ ಪರವಾನಗಿ ಇದ್ದರೆ ಕೆಲವು ರಾಜ್ಯಗಳಲ್ಲಿ ಅದು ಕಾಣಿಸಬಹುದು. ಎಲ್ಲ ರಾಜ್ಯದ ಪೊಲೀಸರಿಗೂ ಕಾಣುವ ಎಫ್‌ಬಿಐ ಕಡತದಲ್ಲಿ ಇರುವುದು ಕಳುವಾದ, ಕಳೆದುಹೋದ, ಪತ್ತೆಯಾದ, ಅಪರಾಧಕ್ಕೆ ಬಳಕೆಯಾದ ಬಂದೂಕುಗಳ ವಿವರ ಮಾತ್ರ.

ನಿಮ್ಮನ್ನು ಕಾಯುವುದು ಅದೇ 1986ರ ಕಾಯಿದೆಯ ಇನ್ನೊಂದು ಕಲಮು. ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಬಂದೂಕು ಇಟ್ಟುಕೊಳ್ಳುವ ಹಕ್ಕಿದ್ದರೆ ನಡುವಿನ ರಾಜ್ಯಗಳನ್ನು ದಾಟಿ ಹೋಗಬಹುದು. ಗುಂಡು ತುಂಬಿರಬಾರದು, ಬಂದೂಕಾಗಲಿ ಗುಂಡಾಗಲಿ ಕೈಗೆ ಎಟುಕುವಂತಿರಬಾರದು. ಡಿಕ್ಕಿ ಬೇರೆಯಾಗಿಲ್ಲದ ಕಾರಾದರೆ ಬೀಗ ಹಾಕಿದ ಪೆಟ್ಟಿಗೆ ಬೇಕು. ಡ್ಯಾಶ್‌ಬೋರ್ಡಿನ ಗೂಡು ಆ ಲೆಕ್ಕಕ್ಕೆ ಬರುವುದಿಲ್ಲ.

'ದಾಟಿ ಹೋಗುವುದು' ಎಂದರೆ ದಾಟಿ ಹೋಗುವುದೇ. ಪ್ರಯಾಣಿಕನೊಬ್ಬ 2005ರಲ್ಲಿ ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿ, ಬಂದೂಕಿದ್ದ ಸೂಟ್‌ಕೇಸ್ ಕೈಗೆ ತೆಗೆದುಕೊಂಡು ಹೋಟೆಲ್‌ನಲ್ಲಿ ರಾತ್ರಿ ತಂಗಿದ. ಮಾರನೆಯ ಬೆಳಗ್ಗೆ ಚೆಕ್-ಇನ್ ಕೌಂಟರ್‌ನಲ್ಲಿ ತಾನೇ ಪ್ರಾಮಾಣಿಕವಾಗಿ ಹೇಳಿದ, ಬಂಧನವಾಯಿತು. ಸೂಟ್‌ಕೇಸ್ ಕೈಗೆ ಬಂದ ಕ್ಷಣ ಬಂದೂಕು ಎಟುಕುವಂತಾಯಿತು, ಕಾಯಿದೆಯ ರಕ್ಷಣೆ ಇಲ್ಲ ಎಂದು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ನೀವು ನಡುದಾರಿಯಲ್ಲಿ ಮಲಗಲೇಬೇಕೆಂದಿದ್ದರೆ ಬಾಸ್ಟನ್‌ನಲ್ಲಿ ನೆಂಟರಿದ್ದರೂ ಅಲ್ಲಿ ತಂಗದೆ, ಬಂದೂಕಿನ ಕಾನೂನು ಸಡಿಲವಾಗಿರುವ ನ್ಯೂ ಹ್ಯಾಂಪ್‌ಶೈರ್‌ವರೆಗೆ ಓಡಿಸಿ, ಅಲ್ಲಿ ರೂಮ್ ಮಾಡಿ.