ಮಗುವಿನ ಐಆರ್‌ಟಿ ಜಾಸ್ತಿ ಬಂದಿದೆ, ಸಿಸ್ಟಿಕ್ ಫೈಬ್ರೋಸಿಸ್ ಈಗಲೇ ಗೊತ್ತಾದರೆ ಶ್ವಾಸಕೋಶ ಉಳಿಯುತ್ತದಾ?

ಮೂರು ವಾರದ ಕೂಸು, ಹಿಮ್ಮಡಿಯಿಂದ ತೆಗೆದ ರಕ್ತದ ರಿಪೋರ್ಟಿನಲ್ಲಿ ಐಆರ್‌ಟಿ (ಮೇದೋಜೀರಕ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನ್) ಜಾಸ್ತಿ, ಮುಂದೆ ಶ್ವಾಸಕೋಶದ ಗತಿ ಏನು ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಮಕ್ಕಳ ಚೆಸ್ಟ್ ಫಿಸಿಯೋಥೆರಪಿ ಮಾಡುವವಳು, ಈ ಕಾಯಿಲೆಯ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ.

ಸಿಸ್ಟಿಕ್ ಫೈಬ್ರೋಸಿಸ್ ಅಂದರೆ ಹುಟ್ಟಿನಿಂದಲೇ ಬರುವ, ಶ್ವಾಸಕೋಶದಲ್ಲಿ ಕಫ ಗಟ್ಟಿಯಾಗಿ ಅಂಟಿಕೊಳ್ಳುವ ಜೀನ್ ಕಾಯಿಲೆ. ಅದು ಇದೆ ಅಂತ ಇನ್ನೂ ಖಚಿತವಾಗಿಲ್ಲ. ಹೆರಿಗೆಯಲ್ಲಿ ಕಷ್ಟಪಟ್ಟ, ದಿನ ತುಂಬದೆ ಹುಟ್ಟಿದ ಮಕ್ಕಳಲ್ಲೂ ಐಆರ್‌ಟಿ ಏರುತ್ತದೆ. ಹಾಗೆ ಏರಿದ ಬಹುಪಾಲು ಮಕ್ಕಳಿಗೆ ಈ ಕಾಯಿಲೆ ಇರುವುದಿಲ್ಲ. ತೀರ್ಮಾನವಾಗುವುದು ಸ್ವೆಟ್ ಟೆಸ್ಟಿನಲ್ಲಿ. ತೋಳಿಗೆ ಪೈಲೋಕಾರ್ಪಿನ್ ಅನ್ನುವ ಔಷಧದ ಪ್ಯಾಡ್ ಕಟ್ಟಿ, ಸಣ್ಣಗೆ ಕರೆಂಟ್ ಹರಿಸಿ ಬೆವರು ಬರಿಸುತ್ತಾರೆ, ಅರ್ಧ ಗಂಟೆ ಅದನ್ನು ಹಿಡಿದಿಡುತ್ತಾರೆ. ಸೂಜಿ ಚುಚ್ಚುವುದಿಲ್ಲ. ಬೆವರಿನಲ್ಲಿ ಕ್ಲೋರೈಡ್ (ಉಪ್ಪಿನ ಒಂದು ಅಂಶ) ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಇದೆ ಎಂದರ್ಥ, 30ಕ್ಕಿಂತ ಕಡಿಮೆ ಇದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ನಡುವೆ ಬಂದರೆ ಜೀನ್ ಪರೀಕ್ಷೆ. ಆಗ ಈ ಕಾಯಿಲೆಗೆ ಕಾರಣವಾಗುವ ಸಿಎಫ್‌ಟಿಆರ್ ಜೀನನ್ನು ಪೂರ್ತಿ ಓದುತ್ತಾರಾ, ಇಲ್ಲ ಗೊತ್ತಿರುವ ಮ್ಯುಟೇಶನ್‌ಗಳ (ಜೀನಿನ ದೋಷಗಳ) ಪಟ್ಟಿಯನ್ನಷ್ಟೇ ನೋಡುತ್ತಾರಾ ಅಂತ ಕೇಳಿ. ಯುರೋಪಿನವರಿಗಾಗಿ ಮಾಡಿದ ಪಟ್ಟಿಯಲ್ಲಿ ನಮ್ಮವರಲ್ಲಿ ಕಾಣುವ ಎಷ್ಟೋ ಮ್ಯುಟೇಶನ್‌ಗಳು ಸೇರಿರುವುದಿಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1985ರಲ್ಲಿ ಶುರುವಾದ ಅಧ್ಯಯನದಲ್ಲಿ, ಹುಟ್ಟಿದಾಗಲೇ ಮಾಡುವ ರಕ್ತದ ಸ್ಕ್ರೀನಿಂಗ್‌ನಿಂದ ಬೇಗ ಪತ್ತೆಯಾದ ಮಕ್ಕಳ ತೂಕ, ಎತ್ತರ ಚೆನ್ನಾಗಿತ್ತು. ಶ್ವಾಸಕೋಶಕ್ಕೆ ಮಾತ್ರ ಅಷ್ಟು ಲಾಭ ಕಾಣಲಿಲ್ಲ. ಅಲ್ಲಿನ ಒಂದು ಕೇಂದ್ರದಲ್ಲಿ ಹಸುಗೂಸುಗಳು ದೊಡ್ಡ ರೋಗಿಗಳ ಜೊತೆ ಒಂದೇ ಕಡೆ ಬೆರೆತು, ಶ್ವಾಸಕೋಶ ಕೆಡಿಸುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಸೋಂಕು ಬೇಗ ಅಂಟಿಕೊಂಡಿತ್ತು. ಇದನ್ನು ನಾನು ಎಲ್ಲ ತಂದೆತಾಯಿಯರಿಗೂ ಹೇಳುತ್ತೇನೆ. ಬೇಗ ಗೊತ್ತಾದರಷ್ಟೇ ಸಾಲದು, ಮಗು ಗುಂಡಗೆ ಆರೋಗ್ಯವಾಗಿ ಕಾಣುವ ದಿನಗಳಲ್ಲೇ ಕೆಲಸ ಶುರುವಾಗಬೇಕು. ಕೆಮ್ಮೇ ಇಲ್ಲದ ಮಗುವಿನ ಎದೆಯೊಳಗೂ ಉರಿಯೂತ ಮೊದಲ ತಿಂಗಳುಗಳಲ್ಲೇ ಆರಂಭವಾಗಿರಬಹುದು ಅಂತ ಆಸ್ಟ್ರೇಲಿಯಾದವರು ತೋರಿಸಿದ್ದಾರೆ.

ಹಾಗಾಗಿ ಒಪಿಡಿಯಲ್ಲಿ ಇದೇ ಕಾಯಿಲೆಯ ಬೇರೆ ಮಕ್ಕಳ ಪಕ್ಕ ಕೂರಬೇಡಿ, ಬೇರೆ ಹೊತ್ತಿಗೆ ಕರೆಯಿರಿ ಅಂತ ಧೈರ್ಯವಾಗಿ ಕೇಳಿ. ಭೇಟಿ ಕೊಟ್ಟಾಗಲೆಲ್ಲ ಗಂಟಲಿನ ಸ್ವಾಬ್ ಕಲ್ಚರಿಗೆ ಹೋಗಲಿ. ಸ್ಯೂಡೋಮೊನಾಸ್ ಹೊಸದಾಗಿ ಸಿಕ್ಕಾಗಲೇ ಟೋಬ್ರಾಮೈಸಿನ್ ಅನ್ನುವ ಆಂಟಿಬಯೋಟಿಕ್ ಅನ್ನು ನೆಬ್ಯುಲೈಸ್ ಮಾಡಿದರೆ (ಮಂಜಿನಂತೆ ಉಸಿರಿನಲ್ಲಿ ಕೊಟ್ಟರೆ) ಎಷ್ಟೋ ಸಲ ಓಡಿಸಬಹುದು, ಬೇರೂರಿದ ಮೇಲೆ ಬಹಳ ಕಷ್ಟ. ಕಫ ಸಡಿಲಿಸುವುದನ್ನು ನಾವೇ ಕಲಿಸುತ್ತೇವೆ: ಹಾಲು ಕುಡಿಸುವ ಮುಂಚೆ ಮಗುವನ್ನು ತೊಡೆಯ ಮೇಲೆ ಒರಗಿಸಿ, ಅಂಗೈ ಬೊಗಸೆ ಮಾಡಿ ಬೆನ್ನಿನ ಮೇಲೆ ಮೆಲ್ಲಗೆ ತಟ್ಟುವುದು. ಚಟ್ ಅನ್ನಬಾರದು, ಟೊಪ್ ಟೊಪ್ ಅನ್ನಬೇಕು. ತಲೆ ಕೆಳಗೆ ಮಾಡಬೇಡಿ, ಹಾಲು ಮೇಲೆ ಬರುತ್ತದೆ.

ಮನೆಯಲ್ಲಿ ಅಜ್ಜಿಯವರು ಎರೆದ ಮೇಲೆ ಸಾಂಬ್ರಾಣಿ ಹಾಕುತ್ತಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ. ಹಾಗೇ, ವರ್ಷ ತುಂಬುವವರೆಗೆ ಮಗುವಿಗೆ ಉಪ್ಪು ಬೇಡ ಅನ್ನುವ ಮಾತು ಈ ಕಾಯಿಲೆ ಇರುವವರಿಗೆ ಹೊಂದುವುದಿಲ್ಲ. ಬೆವರಿನಲ್ಲಿ ಉಪ್ಪು ಹರಿದುಹೋಗುವುದರಿಂದ ಡಾಕ್ಟರೇ ಅಳತೆ ಹಾಕಿ ಕೊಡುತ್ತಾರೆ, ಏಪ್ರಿಲ್ ಮೇ ಸೆಕೆಯಲ್ಲಂತೂ ಬೇಕೇ ಬೇಕು.

ಕಾಯಿಲೆ ಖಚಿತವಾದರೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ವಿಚಾರಿಸಿ. ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಅದೂ ಇದೆ. ಸದ್ಯಕ್ಕೆ ಸ್ವೆಟ್ ಟೆಸ್ಟಿಗೆ ದಿನ ಗೊತ್ತು ಮಾಡಿಸಿ. ಅವತ್ತು ಮಗುವಿನ ಕೈಕಾಲಿಗೆ ಎಣ್ಣೆ, ಕ್ರೀಮು ಏನೂ ಹಚ್ಚಬೇಡಿ, ಹೊಟ್ಟೆ ತುಂಬ ಹಾಲು ಕುಡಿಸಿ, ಬೆಚ್ಚಗೆ ಸುತ್ತಿ ಕರೆದುಕೊಂಡು ಹೋಗಿ. ಬೆವರು ಸಾಲದೆ ಹೋದರೆ ಇನ್ನೊಂದು ದಿನ ಬರಬೇಕಾಗುತ್ತದೆ.